ಸಂಶೋಧನೆಗೆಲ್ಲ ಒಂದೇ ಕೊಳಗವೆ?

ಸಂಶೋಧನೆ ಎಂಬ ಶಬ್ದವು ಇಂದು ಎಲ್ಲರ ನಾಲಗೆಯ ಮೇಲೂ ಸುಲಭವಾಗಿ ಹೊರಳುತ್ತಿದೆ. ಆದರೆ ಆ ಒಂದು ಶಬ್ದದ ಮರೆಯಲ್ಲಿ ಎಷ್ಟು ಭಿನ್ನವಾದ ಕಾಯಕಗಳು ಅಡಗಿವೆಯೆಂಬುದನ್ನು ವಾಚಕರು ಒಂದು ಗಳಿಗೆ ಆಲೋಚಿಸಬೇಕು. ಪ್ರಯೋಗಶಾಲೆಯ ಕತ್ತಲೆಯಲ್ಲಿ ಕುಳಿತು ದ್ರವದೊಳಗೆ ಬೆಳಕು ಹಾಯಿಸಿ ನೋಡುವವನು ಸಂಶೋಧಕ. ಹಳ್ಳಿಯ ಜಗುಲಿಯ ಮೇಲೆ ಕುಳಿತು ಒಕ್ಕಲು ಮಕ್ಕಳ ಪಾಲಿನ ಜಗಳವನ್ನು ಬರೆದುಕೊಳ್ಳುವವನೂ ಸಂಶೋಧಕನೇ. ಓಲೆಗರಿಗೆ ಮಸಿ ಸವರಿ, ಹುಳು ತಿಂದ ಅಕ್ಷರವನ್ನು ತರ್ಕಿಸಿ ಓದುವವನೂ ಸಂಶೋಧಕನೇ. ವಿಶ್ವವಿದ್ಯಾಲಯಗಳು ಈ ಮೂವರಿಗೂ ಒಂದೇ ಪದವಿಯನ್ನು ಕೊಡುತ್ತವೆ, ಅದರಲ್ಲಿ ದೋಷವಿಲ್ಲ. ಮೂವರ ಕೆಲಸವನ್ನೂ ಒಂದೇ ಕೊಳಗದಿಂದ ಅಳೆಯ ಹೊರಟಿರುವುದರಲ್ಲಿ ದೋಷವಿದೆ. ಜೋಳವನ್ನು ಕೊಳಗದಿಂದ, ಬಟ್ಟೆಯನ್ನು ಮೊಳದಿಂದ, ಬಂಗಾರವನ್ನು ಗುಲಗಂಜಿಯಿಂದ ಅಳೆಯುತ್ತಿದ್ದ ನಮ್ಮ ಪೇಟೆಯ ವರ್ತಕನಿಗಿದ್ದ ವಿವೇಕವು ವಿದ್ಯೆಯ ಪೇಟೆಯಲ್ಲಿ ಏಕೆ ಇಲ್ಲವಾಯಿತು?

ತರ್ಕಶಾಸ್ತ್ರವನ್ನು ಗುರುಮುಖದಿಂದ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ತಿಳಿಯಬೇಕಾದ ವಸ್ತು ಪ್ರಮೇಯ. ತಿಳಿಯುವ ಸಾಧನ ಪ್ರಮಾಣ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ವೈಶೇಷಿಕರು ಶಬ್ದವನ್ನು ಅನುಮಾನದ ಹೊಟ್ಟೆಯೊಳಗೆ ಅಡಗಿಸಲು ಹೊರಟಾಗ ನೈಯಾಯಿಕರು ಅದಕ್ಕೆ ಸಮ್ಮತಿಸಲಿಲ್ಲ. ಮಾತಿನಿಂದ ತಿಳಿಯುವುದು ಬೇರೆ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಬೇರೆ ಎಂದು ವಾದಿಸಿದರು. ವೈಶೇಷಿಕರಾದರೂ ತಮ್ಮ ಪಕ್ಷಕ್ಕೆ ಕಾರಣಗಳನ್ನು ಕೊಟ್ಟಿದ್ದರು. ಇಂದಿನ ವಿದ್ಯಾ ಆಡಳಿತವು ಕಾರಣವನ್ನೂ ಕೊಡದೆ ಒಂದರೊಳಗೊಂದನ್ನು ತುರುಕುತ್ತಿದೆ.

ಮಾತು ಗಾಳಿಯಲ್ಲಿ ನಿಲ್ಲಬಾರದು. ಮೂರು ನಿದರ್ಶನಗಳನ್ನು ನೋಡೋಣ.

1928ರ ಫೆಬ್ರವರಿ 28ರಂದು ಕಲ್ಕತ್ತೆಯ ಬೌಬಜಾರ್ ಬೀದಿಯ ಪ್ರಯೋಗಶಾಲೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅವರು, ದ್ರವದಿಂದ ಚೆದರಿ ಬಂದ ಬೆಳಕಿನಲ್ಲಿ ಮೂಲ ಬೆಳಕಿನಲ್ಲಿಲ್ಲದ ಹೊಸ ಅಲೆಯುದ್ದಗಳಿರುವುದನ್ನು ಕಂಡರು. ಮಾರ್ಚ್ 16ರಂದು ರಾಮನ್ ನಮ್ಮ ಬೆಂಗಳೂರಿಗೆ ಬಂದು ಆ ಹೊಸ ವಿಕಿರಣದ ವಿಷಯವಾಗಿ ಉಪನ್ಯಾಸವಿತ್ತರು. ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಅವರಿಬ್ಬರ ಕಿರುಟಿಪ್ಪಣಿ ಅಚ್ಚಾಯಿತು. 1930ರಲ್ಲಿ ನೊಬೆಲ್ ಬಹುಮಾನ ಬಂದಿತು. ಇಷ್ಟು ಅವಸರವೇಕೆ? ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ಇಬ್ಬರು ಅದೇ ವಿದ್ಯಮಾನವನ್ನು ಸ್ಫಟಿಕಗಳಲ್ಲಿ ಕಾಣುತ್ತಿದ್ದರು. ರಾಮನ್ ಕಾಣದಿದ್ದರೂ ಲೋಕಕ್ಕೆ ಅದು ತಿಳಿಯದೆ ಹೋಗುತ್ತಿರಲಿಲ್ಲ. ಪ್ರಕೃತಿಯು ತನ್ನ ಮಾತನ್ನು ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ಮತ್ತೆ ಹೇಳುತ್ತದೆ. ಅಲ್ಲಿ ಬೇಗ ಪ್ರಕಟಿಸುವುದು ವಿದ್ವಾಂಸನ ಧರ್ಮ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಂದು ರಾಮನ್ ಪರಿಣಾಮವನ್ನು ನಿತ್ಯವೂ ಬಳಸುವ ರಸಾಯನವಿಜ್ಞಾನದ ವಿದ್ಯಾರ್ಥಿ ರಾಮನ್ನರ ಮೂಲ ಲೇಖನವನ್ನು ಓದಬೇಕಾಗಿಲ್ಲ. ಫಲವನ್ನು ಪಡೆದ ಮೇಲೆ ಹೂವು ಉದುರಿದರೂ ಆ ಶಾಸ್ತ್ರಕ್ಕೆ ನಷ್ಟವಿಲ್ಲ.

ಎರಡನೆಯ ನಿದರ್ಶನ ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಅವರದು. 1948ರಲ್ಲಿ ಅವರು ಹಳೆಯ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆನಿಂತರು. ಬರೆಯುವಾಗ ಅದಕ್ಕೆ ರಾಮಪುರವೆಂಬ ಹೆಸರಿಟ್ಟರು. 18 ವರ್ಷಗಳ ಕಾಲ ಆ ಟಿಪ್ಪಣಿಗಳನ್ನು ಸಂಸ್ಕರಿಸುತ್ತ ಬಂದರು. 1970ರ ಏಪ್ರಿಲ್ 24ರಂದು ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಸಾಲ್ ಟ್ಯಾಕ್ಸ್ ಎಂಬ ಹಿರಿಯ ವಿದ್ವಾಂಸರು, ನೆನಪಿನಿಂದಲೇ ಬರೆಯಿರೆಂದು ಒತ್ತಾಯಿಸಿದರು. ಹಾಗೆ ಹುಟ್ಟಿದ ಗ್ರಂಥ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದಿತು.

ಭೌತವಿಜ್ಞಾನದ ಅಳತೆಗೋಲಿನಿಂದ ನೋಡಿದರೆ ಈ ಗ್ರಂಥಕ್ಕೆ ಮೂರು ಕಾಸಿನ ಬೆಲೆಯೂ ಬಾರದು. ಪ್ರಯೋಗವನ್ನು ಮತ್ತೆ ಮಾಡಲಾಗದು. ದಾಖಲೆಯ ಬಹುಭಾಗ ಬೂದಿ. ಉಳಿದುದು ಒಬ್ಬನ ನೆನಪು. ಆದರೂ ದಕ್ಷಿಣ ಭಾರತದ ಒಂದು ಗ್ರಾಮದ ಜೀವನವನ್ನು ಅದರಷ್ಟು ಸಾವಯವವಾಗಿ ತೋರಿಸುವ ಇನ್ನೊಂದು ಕೃತಿ ನಮ್ಮ ಓದಿಗೆ ಸಿಕ್ಕಿಲ್ಲ. ಹಾಗೆಂದು ಅದು ಪರೀಕ್ಷೆಗೆ ಅತೀತವೇ? ಖಂಡಿತ ಅಲ್ಲ. ಆ ಊರನ್ನು ಯಾರ ಜಗುಲಿಯಿಂದ ನೋಡಲಾಯಿತು ಎಂಬುದೇ ಅದಕ್ಕೆ ತಕ್ಕ ಪರೀಕ್ಷೆ. ತಾವು ಊರನ್ನು ಕಂಡದ್ದು ಮೇಲುಜಾತಿಯವರ ಕಡೆಯಿಂದ ಎಂದು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ವಿಮರ್ಶಕರೂ ಅದನ್ನೇ ಎತ್ತಿ ಆಡಿದ್ದಾರೆ. ಕೇರಿಯ ಕಡೆಯಿಂದ ಇನ್ನೊಬ್ಬರು, ಹೆಂಗಸರ ಅಡುಗೆಮನೆಯ ಕಡೆಯಿಂದ ಮತ್ತೊಬ್ಬರು ಬರೆದಿದ್ದರೆ ಬೇರೊಂದು ರಾಮಪುರ ಕಾಣುತ್ತಿತ್ತು. ಭೌತವಿಜ್ಞಾನದಲ್ಲಿ ಇಬ್ಬರು ಬೇರೆಬೇರೆಯಾಗಿ ಕಂಡರೆ ಒಬ್ಬನ ಉಪಕರಣ ಕೆಟ್ಟಿದೆಯೆಂದು ಅರ್ಥ. ಇಲ್ಲಿ ಇಬ್ಬರ ಕಾಣ್ಕೆಯೂ ನಿಜವಾಗಿರಬಹುದು. ಎರಡನೆಯವನಿಲ್ಲದೆ ಮೊದಲನೆಯವನ ಚಿತ್ರ ಪೂರ್ತಿಯಾಗುವುದಿಲ್ಲ. 1948ರ ಆ ಹಳ್ಳಿಗೆ ಮರಳಿ ಹೋಗಲಂತೂ ಯಾರಿಗೂ ಸಾಧ್ಯವಿಲ್ಲ.

ಮೂರನೆಯದು ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತ ಸಂಪಾದನೆ. ಇದರ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವ ಆಸೆಯನ್ನು ವಾಚಕರು ಮನ್ನಿಸಬೇಕು. 1919ರಲ್ಲಿ ಆರಂಭವಾದ ಈ ಕಾರ್ಯ 1966ರಲ್ಲಿ ಪೂರ್ಣವಾಯಿತು. 47 ವರ್ಷ ಹಿಡಿಯಿತು. ಬಳಸಿದ ಹಸ್ತಪ್ರತಿಗಳು 1,259. 1925ರಿಂದ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಕ್ತಂಕರರು 1943ರಲ್ಲಿ ತೀರಿಕೊಂಡರು. ಕೆಲಸದ ಮುಕ್ತಾಯವನ್ನು ಕಾಣಲಿಲ್ಲ. ಅವರು ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಅನಂತರ ಬರ್ಲಿನ್ನಿನಲ್ಲಿ ಭಾಷಾಶಾಸ್ತ್ರವನ್ನೂ ಅಭ್ಯಾಸ ಮಾಡಿದವರು. ಮಾನವಿಕ ಶಾಸ್ತ್ರಗಳೆಂದರೆ ಮನಸ್ಸಿಗೆ ತೋಚಿದ್ದನ್ನು ಬರೆಯುವುದೆಂದು ಹಗುರವಾಗಿ ನುಡಿಯುವ ವಿಜ್ಞಾನದ ಮಿತ್ರರು ಅವರ ಆದಿಪರ್ವದ ಪ್ರಸ್ತಾವನೆಯನ್ನು ಒಮ್ಮೆ ಓದಬೇಕು. ಪ್ರಮೇಯದಿಂದ ಪ್ರಮೇಯಕ್ಕೆ ನಡೆಯುವ ಗಣಿತಜ್ಞನ ನಡಿಗೆ ಅದರಲ್ಲಿದೆ.

ಗ್ರಂಥಸಂಪಾದನೆಯ ಒಂದು ಮುಖ್ಯ ನ್ಯಾಯವನ್ನು ಇಲ್ಲಿ ಹೇಳಬೇಕು. ಹತ್ತು ಪ್ರತಿಗಳಲ್ಲಿ ಒಂದು ಪಾಠವೂ ಒಂದೇ ಪ್ರತಿಯಲ್ಲಿ ಇನ್ನೊಂದು ಪಾಠವೂ ಇದ್ದರೆ, ಹತ್ತು ದೊಡ್ಡದು, ಒಂದು ಚಿಕ್ಕದು ಎಂದು ತೀರ್ಮಾನಿಸುವಂತಿಲ್ಲ. ಆ ಹತ್ತೂ ತಪ್ಪು ತುಂಬಿದ ಒಂದೇ ಮಾತೃಕೆಯಿಂದ ಇಳಿದು ಬಂದಿದ್ದರೆ, ಅವು ಹತ್ತು ಸಾಕ್ಷಿಗಳಲ್ಲ. ಹತ್ತು ಸಲ ನಕಲಾದ ಒಂದೇ ಸಾಕ್ಷಿ. ಲಿಪಿಕಾರನು ಕಠಿಣವಾದ ಪಾಠವನ್ನು ತಿದ್ದಿ ಸುಲಭ ಮಾಡುತ್ತಾನೆಯೇ ಹೊರತು ಸುಲಭವಾದುದನ್ನು ಕಠಿಣ ಮಾಡುವುದು ಅಪರೂಪ. ಆದುದರಿಂದ ಒಂಟಿಯಾಗಿ ನಿಂತ ಕಠಿಣ ಪಾಠವೇ ಮೂಲವಾಗಿರುವ ಸಂಭವ ಹೆಚ್ಚು. ಸಾಕ್ಷಿಯನ್ನು ತೂಗಬೇಕು, ಎಣಿಸಬಾರದು. ಓಲೆಗರಿ ಓದುವ ಬಡ ಪಂಡಿತನಿಗೆ ತಿಳಿದಿರುವ ಈ ಸೂಕ್ಷ್ಮವನ್ನು ಮರೆತವರು ಈಗ ಎಲ್ಲ ಶಾಸ್ತ್ರಗಳ ಹಣೆಬರಹವನ್ನು ಬರೆಯುತ್ತಿದ್ದಾರೆ.

ಆ ಎಣಿಕೆಯ ಕಥೆ ಹೀಗಿದೆ. ಯಾವ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಸೂಚಿಯನ್ನು ವಿಜ್ಞಾನಗಳಿಗಾಗಿ 1960ರ ದಶಕದಲ್ಲಿ ಅಮೆರಿಕೆಯ ಯೂಜೀನ್ ಗಾರ್ಫೀಲ್ಡ್ ಎಂಬುವರು ಸಿದ್ಧಪಡಿಸಿದರು. ಬಹು ಉಪಯುಕ್ತವಾದ ಕೆಲಸ. ಅದರಿಂದಲೇ 'ಇಂಪ್ಯಾಕ್ಟ್ ಫ್ಯಾಕ್ಟರ್' ಹುಟ್ಟಿತು: ಒಂದು ನಿಯತಕಾಲಿಕದಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖಗಳು ದೊರೆತವು ಎಂಬ ಲೆಕ್ಕ. ಗ್ರಂಥಾಲಯಗಳು ಯಾವ ಪತ್ರಿಕೆ ತರಿಸಬೇಕೆಂದು ನಿರ್ಧರಿಸಲು ಇದು ನೆರವಾಗುತ್ತಿತ್ತು. ಪತ್ರಿಕೆಯನ್ನು ಅಳೆಯಲು ಬಂದ ಈ ಗೋಲು ಬರೆಯುವವನ ಬೆನ್ನಿನ ಮೇಲೆ ಬಿದ್ದಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಯನ್ನೇ ಒಂದು ಅಂಕಿಯಲ್ಲಿ ಹೇಳುವ 'ಎಚ್' ಸೂಚ್ಯಂಕವನ್ನು ಮುಂದಿಟ್ಟರು. ಕ್ಷೇತ್ರದಿಂದ ಕ್ಷೇತ್ರಕ್ಕೆ ಆ ಅಂಕಿ ಬದಲಾಗುತ್ತದೆಂದು ಅವರೇ ಎಚ್ಚರಿಸಿದ್ದರು. ಎಚ್ಚರಿಕೆಯನ್ನು ಬಿಟ್ಟು ಅಂಕಿಯನ್ನು ಮಾತ್ರ ಹಿಡಿದುಕೊಂಡವರು ನಾವು.

ಎರಡು ವರ್ಷದ ಕಿಟಕಿಯಿಂದ ಏನು ಕಂಡೀತು? ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿಗೂ ಕನ್ನಡ ವಿದ್ವಾಂಸನ ಮೇಜಿನ ಮೇಲೆ ಅದು ತೆರೆದೇ ಇರುತ್ತದೆ. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಪಾಠ ಉಳಿದು, ಮೂಲ ಶಿಲೆಯೇ ಮನೆಯ ಮೆಟ್ಟಿಲಾಗಿಯೋ ಕೆರೆಯ ಏರಿಗೆ ಕಲ್ಲಾಗಿಯೋ ಮಾಯವಾದ ಪ್ರಸಂಗಗಳನ್ನು ಶಾಸನಾಭ್ಯಾಸಿಗಳು ಬಲ್ಲರು. ಅಲ್ಲಿ ಆ ಮುದ್ರಿತ ಪುಟವೇ ಪ್ರಮಾಣ.

ಹೀಗೆ ಹೇಳಿದ ಮಾತ್ರಕ್ಕೆ ವಿಜ್ಞಾನವೆಲ್ಲ ಅವಸರದ್ದು, ಮಾನವಿಕವೆಲ್ಲ ಸಾವಕಾಶದ್ದು ಎಂದು ವಾಚಕರು ತಿಳಿಯಬಾರದು. ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದ ಸೂರ್ಯಬಿಂಬದ ಚಿತ್ರಸಂಚಯವಿದೆ; ತೆಗೆದವರು ಹೋದ ಬಹುಕಾಲದ ಮೇಲೆ ಇನ್ನಾರೋ ಅದರಿಂದ ಸೂರ್ಯನ ಚಟುವಟಿಕೆಯ ಗತಿಯನ್ನು ಓದುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರಾಘವೇಂದ್ರ ಗದಗಕರ ಅವರು ಒಂದು ಜಾತಿಯ ಕಣಜಗಳ ಗೂಡಿನ ಮುಂದೆ ದಶಕಗಳನ್ನು ಕಳೆದರು. ಸಮಾಜವಿಜ್ಞಾನದಲ್ಲಿಯೂ ಹಾಗೆಯೇ. ಒಂದು ಹಳ್ಳಿಯನ್ನು ಬಲ್ಲ ಶ್ರೀನಿವಾಸರಂಥವರು ಒಂದು ಬಗೆ. ಮಹಲನೋಬಿಸರ ಪ್ರೇರಣೆಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶವನ್ನೆಲ್ಲ ಆಯ್ದ ಮನೆಗಳ ಮೂಲಕ ಅರಿಯುವುದು ಇನ್ನೊಂದು ಬಗೆ. ಗೆರೆಗಳು ಶಾಸ್ತ್ರಗಳ ನಡುವೆ ಮಾತ್ರವಲ್ಲ, ಒಂದೊಂದು ಶಾಸ್ತ್ರದ ಒಳಗೂ ಇವೆ.

ನಮ್ಮ ದೇಶದಲ್ಲಿ ಈ ಎಣಿಕೆ ನಿಯಮದ ರೂಪ ತಾಳಿದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಾವಳಿಯಲ್ಲಿ. ವಿದ್ವತ್ಪರಿಶೀಲನೆಗೆ ಒಳಪಟ್ಟ ಪತ್ರಿಕೆಯ ಲೇಖನಕ್ಕೆ 15 ಅಂಕ. ಗ್ರಂಥಕ್ಕೆ, ಪ್ರಕಾಶಕರು ಅಂತರರಾಷ್ಟ್ರೀಯರಾದರೆ 50, ರಾಷ್ಟ್ರೀಯರಾದರೆ 25, ಸ್ಥಳೀಯರಾದರೆ 15. ಈ ಕೊನೆಯ ಅಂಕಿಯನ್ನು ವಾಚಕರು ಮತ್ತೊಮ್ಮೆ ನೋಡಬೇಕು. ಧಾರವಾಡದಲ್ಲಿಯೋ ಗದಗಿನಲ್ಲಿಯೋ ಒಬ್ಬ ಸ್ಥಳೀಯ ಪ್ರಕಾಶಕನು ಅಚ್ಚು ಮಾಡಿದ, ಹತ್ತು ವರ್ಷ ದುಡಿದು ಸಂಪಾದಿಸಿದ ಕಾವ್ಯವೊಂದಕ್ಕೂ ಎಂಟು ಪುಟದ ಒಂದು ಲೇಖನಕ್ಕೂ ಸಮಾನ ಬೆಲೆ. 2018ರ ನಿಯಮಾವಳಿಯಲ್ಲಿ ಲೇಖನಕ್ಕೆ ವಿಜ್ಞಾನಗಳಲ್ಲಿ 8, ಭಾಷೆ ಮತ್ತು ಮಾನವಿಕಗಳಲ್ಲಿ 10 ಎಂದು ಭೇದವನ್ನು ಮಾಡಲಾಯಿತು. ಶಾಸ್ತ್ರಗಳು ಬೇರೆಬೇರೆಯೆಂಬ ಅರಿವು ಇಷ್ಟಾದರೂ ಮೂಡಿತಲ್ಲ ಎಂದು ಸಂತೋಷಪಡುವಷ್ಟರಲ್ಲಿ, ರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕೂ ಅದೇ 10 ಅಂಕ ನಿಗದಿಯಾಗಿರುವುದು ಕಾಣುತ್ತದೆ. ಅಂಕಿ ಬದಲಾಯಿತು, ದೃಷ್ಟಿ ಬದಲಾಗಲಿಲ್ಲ.

ಪರಿಣಾಮವನ್ನು ಊಹಿಸಲು ದೊಡ್ಡ ಬುದ್ಧಿ ಬೇಕಿಲ್ಲ. ಹಳಗನ್ನಡವನ್ನು ಚೆನ್ನಾಗಿ ಬಲ್ಲ ಒಬ್ಬ ತರುಣ ಅಧ್ಯಾಪಕರು, ಮೂರು ಕಡೆಯ ಪ್ರತಿಗಳನ್ನು ಸಂಗ್ರಹಿಸಿ ಒಂದು ಅಪ್ರಕಟಿತ ಕೃತಿಯ ಪಾಠವನ್ನು ಅರ್ಧದಷ್ಟು ಸಿದ್ಧಪಡಿಸಿದವರು, ಅದನ್ನು ಕಟ್ಟಿಟ್ಟಿದ್ದಾರೆ. "ಬುದ್ಧೀ, ಬಡ್ತಿಯಾದ ಮೇಲೆ ನೋಡುತ್ತೇನೆ" ಎಂದರು. ಅವರನ್ನು ನಾವು ದೂರಲಾರೆವು; ಅವರಿಗೂ ಸಂಸಾರವಿದೆ. ಆದರೆ ಓಲೆಗರಿಗೆ ಬಡ್ತಿಯ ಕಾಲದವರೆಗೆ ಕಾಯುವ ನಿಯಮವಿಲ್ಲ. ಅದೇ ತರುಣರು ಈ ನಡುವೆ ಆ ಕೃತಿಯ ಮೇಲೆಯೇ ಐದು ಲೇಖನಗಳನ್ನು ಪ್ರಕಟಿಸಿದ್ದಾರೆ. ಕೃತಿ ಮಾತ್ರ ಪ್ರಕಟವಾಗಿಲ್ಲ!

ಇನ್ನು ನಮ್ಮ ಪಾಲಿನ ದೋಷವನ್ನೂ ಹೇಳದೆ ಬಿಟ್ಟರೆ ವಿಮರ್ಶೆ ಪಕ್ಷಪಾತವಾಗುತ್ತದೆ. ಅಳತೆ ತಪ್ಪೆಂದು ಕೂಗುವವರಲ್ಲಿ ಹಲವರಿಗೆ ಯಾವ ಅಳತೆಯೂ ಬೇಡವಾಗಿದೆ. ಕವಿಯ ಹೆಸರು ಬರೆದು ಮುಂದೆ 'ಒಂದು ಅಧ್ಯಯನ' ಎಂದು ಸೇರಿಸಿದರೆ ಮಹಾಪ್ರಬಂಧವಾಗಿಬಿಡುತ್ತದೆಂಬ ನಂಬಿಕೆ ಕನ್ನಡ ವಿಭಾಗಗಳಲ್ಲಿ ಬಲವಾಗಿದೆ. ಜೀವನ, ಕೃತಿಗಳು, ಭಾಷೆ, ಶೈಲಿ, ಉಪಸಂಹಾರ: ಅಧ್ಯಾಯಗಳೂ ಅಚ್ಚಿನಲ್ಲಿ ಎರಕ ಹೊಯ್ದಂತೆ. ಅವುಗಳಲ್ಲಿ ಪ್ರಶ್ನೆಯೇ ಇರುವುದಿಲ್ಲವಾದ್ದರಿಂದ ಉತ್ತರ ತಪ್ಪಾಗುವ ಭಯವೂ ಇಲ್ಲ. ಸುಕ್ತಂಕರರ ಪಾಠನಿರ್ಣಯವು ತಪ್ಪೆಂದು ತೋರಿಸಲು ಸಾಧ್ಯ. ಏಕೆಂದರೆ ಅವರು ತಮ್ಮ ಸಾಕ್ಷಿಗಳನ್ನೆಲ್ಲ ಪುಟದ ಅಡಿಯಲ್ಲಿ ಬಿಚ್ಚಿಟ್ಟಿದ್ದಾರೆ. ತಪ್ಪಾಗುವ ಧೈರ್ಯವಿಲ್ಲದ ಬರಹಕ್ಕೆ ಯಾವ ಶಾಸ್ತ್ರದಲ್ಲಿಯೂ ಸಂಶೋಧನೆಯೆಂಬ ಹೆಸರು ಸಲ್ಲದು.

ಈ ಒಂಟಿ ಕೊಳಗದ ವಿರುದ್ಧ ದನಿಯೆತ್ತಿದವರಲ್ಲಿ ವಿಜ್ಞಾನಿಗಳೇ ಮುಂದಿದ್ದರೆಂಬುದು ಗಮನಾರ್ಹ. 2012ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ಜೀವಕೋಶ ವಿಜ್ಞಾನಿಗಳು, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯ ಸಂಶೋಧನೆಯನ್ನು ಅಳೆಯಬಾರದೆಂಬ ಘೋಷಣೆಗೆ ತೊಡಗಿದರು. 2015ರ ಲೈಡನ್ ಪ್ರಣಾಳಿಕೆಯಂತೂ ಆಯಾ ಪ್ರದೇಶದ ಭಾಷೆಯಲ್ಲಿ ಆ ಪ್ರದೇಶವನ್ನು ಕುರಿತು ನಡೆಯುವ ಸಂಶೋಧನೆಗೆ ರಕ್ಷಣೆ ಬೇಕೆಂದು ಸ್ಪಷ್ಟವಾಗಿ ನುಡಿಯಿತು. ನಮ್ಮಲ್ಲಿಯೂ ಗಾಳಿ ಸ್ವಲ್ಪ ತಿರುಗಿದೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಕಟ್ಟಳೆಯನ್ನು 2022ರ ನವೆಂಬರಿನಲ್ಲಿ ಆಯೋಗವು ಕೈಬಿಟ್ಟಿತು. ಒಪ್ಪತಕ್ಕ ಪತ್ರಿಕೆಗಳಿವು ಎಂದು ತಾನು ಇಟ್ಟಿದ್ದ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿ, ಆಯ್ಕೆಯ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟುಕೊಟ್ಟಿತು.

ಹೊಣೆ ಈಗ ನಮ್ಮವರ ಕೈಗೆ ಬಂದಿದೆ. ಭೌತವಿಜ್ಞಾನಿಯ ಕೆಲಸ ಬಂದಾಗ, ಬೇರೊಬ್ಬನು ಮಾಡಿದರೂ ಇದೇ ಫಲ ಬಂದೀತೇ ಎಂದು ಕೇಳಲಿ. ಹಳ್ಳಿಯನ್ನು ಕುರಿತ ಗ್ರಂಥ ಬಂದಾಗ, ಎಷ್ಟು ದಿನ ಅಲ್ಲಿದ್ದಿರಿ, ಯಾರ ಮನೆಗೆ ಹೋಗಲಿಲ್ಲ ಎಂದು ಕೇಳಲಿ. ಸಂಪಾದಿತ ಕೃತಿ ಬಂದಾಗ ಯಾವ ಯಾವ ಪ್ರತಿಗಳನ್ನು ನೋಡಿದಿರಿ, ಅವುಗಳ ವಂಶ ಯಾವುದು, ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಟ್ಟಿದ್ದೀರಾ ಎಂದು ಕೇಳಲಿ. ಹೀಗೆ ಕೇಳಬೇಕಾದರೆ ಆಯ್ಕೆ ಸಮಿತಿಯಲ್ಲಿ ಓಲೆಗರಿಯನ್ನು ಓದಬಲ್ಲವರು ಒಬ್ಬರಾದರೂ ಕುಳಿತಿರಬೇಕಾಗುತ್ತದೆ. ನಾವು ಬಲ್ಲ ಅಂಥ ವಿದ್ವಾಂಸರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದಾರೆ. ಆ ತರುಣ ಅಧ್ಯಾಪಕರಿಗೆ ಅಕ್ಷರ ಬಿಡಿಸುವುದನ್ನು ಕಲಿಸಿದ ಹಿರಿಯರಿಗೆ ಈಗ ಕಣ್ಣು ಮಂಜಾಗಿದೆ. ಕಟ್ಟಿಟ್ಟ ಪ್ರತಿ ಯಾವಾಗ ಬಿಚ್ಚುತ್ತಾನೆಂದು ನಮ್ಮನ್ನು ಕಂಡಾಗಲೆಲ್ಲ ಕೇಳುತ್ತಾರೆ.