ಓದಿನ ಖರ್ಚು ಯಾರ ಲೆಕ್ಕಕ್ಕೆ?

ಕಾರಂತರ ‘ಮರಳಿ ಮಣ್ಣಿಗೆ’ (1941) ಅಂದಕೂಡಲೇ ನಮ್ಮ ಅನಿವಾಸಿ ಗೆಳೆಯರು ಊರಿಗೆ ವಾಪಸಾಗುವ ಕನಸಿನ ಮಾತು ತೆಗೆಯುತ್ತಾರೆ. ಈ ಸಲ ಓದಿದಾಗ ನನಗೆ ಅದು ಫೀಸಿನ ಕಾದಂಬರಿಯಾಗಿ ಕಂಡಿತು.

ಪುರೋಹಿತ ರಾಮ ಐತಾಳರಿಗೆ ಮಗ ಲಚ್ಚ ಇಂಗ್ಲಿಷ್ ಕಲಿತು ದೊಡ್ಡವನಾಗಬೇಕು. ಆ ಆಸೆಗೆ ಬಂಡವಾಳ ಎಲ್ಲಿಂದ? ಹೆಂಡತಿ ಪಾರೋತಿ, ವಿಧವೆ ಸೋದರಿ ಸರಸೋತಿ ಕೆಸರಿನಲ್ಲಿ ದುಡಿದ ದುಡಿಮೆಯಿಂದ. ಕಾರಂತರು ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಪುಟಗಟ್ಟಲೆ ಕೆಲಸವನ್ನೇ ತೋರಿಸುತ್ತಾರೆ. (ಬೇಸರವೆಂದು ಆ ಪುಟಗಳನ್ನು ಹಾರಿಸುವವರು ಕಾದಂಬರಿಯನ್ನೇ ಹಾರಿಸಿದಂತೆ!) ಓದಿದ ಲಚ್ಚ ಆಸ್ತಿ ಕರಗಿಸುತ್ತಾನೆ. ಮೊಮ್ಮಗ ರಾಮ ಮದರಾಸಿನಲ್ಲಿ ಓದಿಯೂ ಸರಿಯಾದ ಕೆಲಸ ಸಿಗದೆ ಮುಂಬಯಿಯಲ್ಲಿ ಅಲೆದು ಊರಿಗೆ ಬರುತ್ತಾನೆ. ಅವನನ್ನು ಕಾಯುವುದು ಡಿಗ್ರಿಯಲ್ಲ. ತಾಯಿ ನಾಗವೇಣಿಯ ಪಿಟೀಲು, ಆ ಹೆಂಗಸರು ಬೆವರು ಸುರಿಸಿದ ಮಣ್ಣು.

ಒಂದು ಕೊರತೆ ಮಾತ್ರ ಕಾಡುತ್ತದೆ. ಆಳು ಸೂರನಂಥವರ ಮನೆಯ ಮಟ್ಟಿಗೆ ಶಾಲೆಯ ಪ್ರಶ್ನೆ ಇಲ್ಲಿ ಮುಖ್ಯವಾಗುವುದೇ ಇಲ್ಲ. ಅಂಥ ಮನೆಗಳ ಓದಿನ ಕಥೆಗೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯನ್ನು ಜೊತೆಗಿಟ್ಟುಕೊಳ್ಳಬೇಕು.

ಅಮ್ಮನ ಬಳೆ ಅಡವಿಟ್ಟು ಇಂಜಿನಿಯರಿಂಗ್ ಓದಿದವರು ನಮ್ಮ ಬಳಗದಲ್ಲೂ ಇದ್ದಾರೆ. ಸರಸೋತಿಯ ಭಾಗಗಳನ್ನು ಅವರು ಹೇಗೆ ಓದುತ್ತಾರೆಂದು ಮುಂದಿನ ಕೂಟದಲ್ಲಿ ಕೇಳುವ ಕುತೂಹಲ ನನಗೆ.