ಬೋಧನಶೈಲಿಯ ಆತ್ಮಪರೀಕ್ಷೆ: ಎರಡು ಸಾಧನಗಳ ವಿಮರ್ಶೆ

ಅಧ್ಯಾಪಕನು ತನ್ನ ವಿಷಯವನ್ನು ಎಷ್ಟು ಬಲ್ಲನೆಂಬುದನ್ನು ಅಳೆಯಲು ಹಲವು ಉಪಾಯಗಳುಂಟು. ತಾನು ಹೇಗೆ ಬೋಧಿಸುತ್ತಿರುವೆನೆಂಬುದನ್ನು ಅವನೇ ಅರಿತುಕೊಳ್ಳಲು ಇರುವ ಉಪಾಯಗಳು ಕೆಲವೇ. ಈ ಕೊರತೆಯನ್ನು ತುಂಬಲು ಹೊರಟ ಪ್ರಯತ್ನಗಳಲ್ಲಿ ಆಂತೊನಿ ಗ್ರಾಷಾ ಅವರ ‘ಟೀಚಿಂಗ್ ವಿತ್ ಸ್ಟೈಲ್’ (1996) ಎಂಬ ಗ್ರಂಥ ಗಮನಾರ್ಹವಾದುದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಇವರು ಬೋಧನಶೈಲಿಗಳನ್ನು ಐದಾಗಿ ವಿಂಗಡಿಸಿದರು: ವಿಷಯತಜ್ಞನದು, ಶಿಸ್ತಿನ ಅಧಿಕಾರಿಯದು, ತಾನೇ ಮಾದರಿಯಾಗುವವನದು, ಕಲಿಕೆಗೆ ನೆರವಾಗುವವನದು, ಹೊಣೆಯನ್ನು ಒಪ್ಪಿಸುವವನದು. ಅಧ್ಯಾಪಕನು ಪ್ರಶ್ನಾವಳಿಯೊಂದಕ್ಕೆ ಉತ್ತರಿಸಿ, ಇವು ತನ್ನಲ್ಲಿ ಯಾವ ಪ್ರಮಾಣದಲ್ಲಿವೆಯೆಂದು ಕಂಡುಕೊಳ್ಳಬೇಕು.

ಈ ವಿಂಗಡಣೆಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಒಬ್ಬನಿಗೆ ಒಂದೇ ಶೈಲಿಯೆಂದು ಗ್ರಾಷಾ ಹೇಳಲಿಲ್ಲ. ಐದೂ ಎಲ್ಲರಲ್ಲಿಯೂ ಹೆಚ್ಚು ಕಡಿಮೆಯಾಗಿ ಬೆರೆತಿರುತ್ತವೆಂದರು. ಅವರು ಗುರುತಿಸಿದ ನಾಲ್ಕು ಮಿಶ್ರಣಗಳಲ್ಲಿಯೂ ವಿಷಯತಜ್ಞನಿಗೆ ಸ್ಥಾನವಿದೆ. ವಿದ್ಯಾರ್ಥಿಗೆ ಸ್ವಾತಂತ್ರ್ಯ ಕೊಟ್ಟರೆ ಪಾಂಡಿತ್ಯಕ್ಕೆ ಕೆಲಸವಿಲ್ಲವೆಂದು ಭಾವಿಸುವವರು ಇದನ್ನು ಗಮನಿಸತಕ್ಕದ್ದು.

ಆದರೆ ಚರಿತ್ರೆಯ ಅಭ್ಯಾಸಿಗಳಾದ ನಮಗೆ ಇಲ್ಲಿ ಒಂದು ಸಂದೇಹವೇಳುತ್ತದೆ. ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದನೆಂದು ಕೀರ್ತಿಸಿದ್ದಾನೆ. ಇದು ಆಶ್ರಿತಕವಿಯ ಪ್ರಶಸ್ತಿ. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಪುಲಕೇಶಿಯನ್ನು ಮಣಿಸಲು ಹರ್ಷನಿಂದ ಆಗಲಿಲ್ಲವೆಂದು ಬರೆದಿರುವುದರಿಂದಲೇ ಆ ಮಾತಿಗೆ ಬಲ ಬಂದಿದೆ. ತನ್ನನ್ನು ಕುರಿತು ತಾನೇ ತುಂಬಿದ ಪ್ರಶ್ನಾವಳಿಯೂ ಒಂದು ಬಗೆಯ ಪ್ರಶಸ್ತಿಯೇ. ಅದು ಸುಳ್ಳೆಂಬುದು ನಮ್ಮ ಅಭಿಪ್ರಾಯವಲ್ಲ. ಅಧ್ಯಾಪಕನು ಏನಾಗಬಯಸುತ್ತಾನೆಂಬುದಕ್ಕೆ ಅದು ಒಳ್ಳೆಯ ಆಕರ. ಏನಾಗಿದ್ದಾನೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು.

ಅಂತಹ ಸಾಕ್ಷ್ಯವನ್ನು ಒದಗಿಸುವುದು ನೆಡ್ ಫ್ಲ್ಯಾಂಡರ್ಸ್ ಅವರ ವಿಧಾನ. 1970ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಇದರ ವಿವರಣೆಯಿದೆ, ನಮ್ಮ ಬಿ.ಎಡ್. ಶಿಕ್ಷಣದಲ್ಲಿಯೂ ಇದು ಪರಿಚಿತವೇ. ತರಗತಿಯ ವ್ಯವಹಾರವನ್ನು ಇಲ್ಲಿ ಹತ್ತು ವರ್ಗಗಳಾಗಿ ಮಾಡಿದೆ: ಅಧ್ಯಾಪಕನ ಮಾತಿಗೆ 7, ವಿದ್ಯಾರ್ಥಿಯ ಮಾತಿಗೆ 2, ಮೌನ ಅಥವಾ ಗೊಂದಲಕ್ಕೆ 1. ವೀಕ್ಷಕನು 3 ಸೆಕೆಂಡಿಗೊಮ್ಮೆ ಗುರುತು ಹಾಕುತ್ತಾನೆ. 45 ನಿಮಿಷಗಳ ಪಾಠಕ್ಕೆ 900 ಗುರುತುಗಳಾಗುತ್ತವೆ. ತರಗತಿಯ ಕಾಲದ ಮೂರರಲ್ಲಿ ಎರಡು ಪಾಲು ಮಾತು, ಆ ಮಾತಿನ ಮೂರರಲ್ಲಿ ಎರಡು ಪಾಲು ಅಧ್ಯಾಪಕನದು ಎಂಬುದು ಫ್ಲ್ಯಾಂಡರ್ಸ್ ಕಂಡುಕೊಂಡ ಸ್ಥೂಲ ನಿಯಮ. ತಾನು ನೆರವಾಗುವವನೆಂದು ಪ್ರಶ್ನಾವಳಿಯಲ್ಲಿ ಬರೆದವನು ಈ ಲೆಕ್ಕವನ್ನು ಎದುರಿಸಲೇಬೇಕಾಗುತ್ತದೆ.

ಈ ವಿಧಾನವೂ ನಿರ್ದುಷ್ಟವಲ್ಲ. ಇದು ಎಣಿಸುತ್ತದೆ, ತೂಗುವುದಿಲ್ಲ. ‘ತಾಳಿಕೋಟೆಯ ಯುದ್ಧ ನಡೆದ ವರ್ಷ ಯಾವುದು?’ ಎಂಬ ಪ್ರಶ್ನೆಗೂ ‘ಈ ದಾನಶಾಸನದಿಂದ ಲಾಭ ಹೊಂದಿದವರು ಯಾರು?’ ಎಂಬ ಪ್ರಶ್ನೆಗೂ ಬೀಳುವುದು ಒಂದೇ ಗುರುತು. ವಿದ್ಯಾರ್ಥಿಯ ಆಲೋಚನೆಯ ಮೌನವೂ ತರಗತಿಯ ಗದ್ದಲವೂ ಒಂದೇ ವರ್ಗಕ್ಕೆ ಸೇರುತ್ತವೆ. ಆದರೆ ಆ ಮೌನ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಮೇರಿ ಬಡ್ ರೋ ಅವರ ಸಂಶೋಧನೆ 1970ರ ದಶಕದಲ್ಲಿಯೇ ತೋರಿಸಿತು. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಕಾಯುತ್ತಿದ್ದುದು ಸುಮಾರು 1 ಸೆಕೆಂಡು ಮಾತ್ರ. ಅದನ್ನು 3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಉತ್ತರಗಳು ದೀರ್ಘವೂ ಸಕಾರಣವೂ ಆದವು.

ಆದುದರಿಂದ ಎರಡನ್ನೂ ಜೊತೆಯಾಗಿ ಬಳಸುವುದೇ ಯುಕ್ತ. ಅಧ್ಯಾಪಕನು ಮೊದಲು ಪ್ರಶ್ನಾವಳಿಯನ್ನು ತುಂಬಲಿ. ತನ್ನ ಮಾತಿನ ಪಾಲು ಎಷ್ಟಿರಬಹುದೆಂದು ಊಹಿಸಿ ಬರೆದಿಡಲಿ. ಬಳಿಕ ತನ್ನದೊಂದು ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಎಣಿಸಿ, ಪ್ರತಿ ಪ್ರಶ್ನೆಯ ಸ್ವರೂಪವನ್ನೂ ಅದರ ನಂತರದ ಕಾಯುವಿಕೆಯನ್ನೂ ಗುರುತಿಸಲಿ. ಅದೇ ಪಾಠದ ಬಗ್ಗೆ ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳನ್ನು ಮೂರನೆಯ ಆಕರವಾಗಿ ಇಟ್ಟುಕೊಳ್ಳಲಿ. ಈ ಮೂರರಲ್ಲಿ ಹೊಂದಿಕೆಯಿಲ್ಲದ ಕಡೆಯೇ ವಿಚಾರಕ್ಕೆ ತಕ್ಕ ಸ್ಥಳ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾಗದು. ಈ ಫಲಿತಾಂಶಗಳನ್ನು ಬಡ್ತಿಗಾಗಲಿ ಶ್ರೇಣೀಕರಣಕ್ಕಾಗಲಿ ಆಧಾರ ಮಾಡಬಾರದು. ಮೇಲಿನವರು ಓದುವರೆಂದು ತಿಳಿದೊಡನೆ ಉತ್ತರಗಳು ಪ್ರಶಸ್ತಿಯ ಭಾಷೆಗೆ ತಿರುಗುತ್ತವೆ. ಆಗ ಅಧ್ಯಾಪಕನಿಗೆ ತನ್ನ ದೋಷ ಕಾಣುವುದಿಲ್ಲ; ಉತ್ತರ ಹೇಳಲು ಇನ್ನೆರಡು ಸೆಕೆಂಡು ಬೇಕಾಗಿದ್ದ ವಿದ್ಯಾರ್ಥಿಗೆ ಆ ಕಾಲಾವಕಾಶವೂ ದೊರೆಯುವುದಿಲ್ಲ.