ತಳಿಯ ಹೆಸರಿನ ಚೀಲ

ಬೆಂಗಳೂರಿನ ಪೆಟ್ ಅಂಗಡಿಗಳಲ್ಲಿ ಪರ್ಷಿಯನ್ ಬೆಕ್ಕಿನ ಚಿತ್ರವಿರುವ ಒಣ ಆಹಾರದ ಚೀಲ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಊಟಕ್ಕೆ ಸತಾಯಿಸುವ ಬೆಕ್ಕನ್ನು ಸಾಕಿದವರು ಹಲವು ಬ್ರ್ಯಾಂಡ್ ದಾಟಿ, ಕೊನೆಗೆ ಇದರ ಮುಂದೆ ಬಂದು ನಿಲ್ಲುತ್ತಾರೆ. ತಳಿಗೊಂದು ಆಹಾರ ಎಂಬ ಈ ಪದ್ಧತಿಯಲ್ಲಿ ಹುರುಳೆಷ್ಟು?

ಒಂದು ವಿಷಯದಲ್ಲಿ ಇದೆ. ಫ್ರಾನ್ಸಿನ ರಾಯಲ್ ಕ್ಯಾನಿನ್ ಕಂಪನಿ 1999ರಲ್ಲಿ ಪರ್ಷಿಯನ್‌ಗೆಂದೇ ಆಹಾರ ತಂದಿತು. ಅದರ ಕಾಳಿಗೆ ಬಾದಾಮಿಯ ಆಕಾರ. ಇದೇಕೆಂದು ತಿಳಿಯಬೇಕಾದರೆ ಪರ್ಷಿಯನ್ ತಿನ್ನುವುದನ್ನು ನೆಲದ ಮೇಲೆ ಕೂತು ನೋಡಬೇಕು. ಮೂತಿ ಚಪ್ಪಟೆ, ಮೂಗು ಎರಡು ಕಣ್ಣುಗಳ ನಡುವೆಯೇ ಸಿಕ್ಕಿಕೊಂಡಂತಿರುತ್ತದೆ. ಆಳದ ಬಟ್ಟಲಿಗೆ ಮುಖ ಇಳಿಸಿದರೆ ಅಂಚು ಕೆನ್ನೆಗೆ ಒತ್ತುತ್ತದೆ. ನಾಲಿಗೆಯ ಅಡಿಭಾಗವನ್ನು ಕಾಳಿಗೆ ತಾಗಿಸಿ ಒಳಗೆಳೆದುಕೊಳ್ಳಲು ನೋಡುತ್ತದೆ. ದುಂಡನೆಯ ಸಣ್ಣ ಕಾಳು ಜಾರಿ ಪಕ್ಕಕ್ಕೆ ಓಡುತ್ತದೆ. ಒಂದೆರಡು ಸಲ ಹೀಗಾದರೆ ಬೆಕ್ಕು ಎದ್ದು ಹೋಗುತ್ತದೆ. ನಾವು ಅದನ್ನು ಕೊಬ್ಬು ಅನ್ನುತ್ತೇವೆ. ಪಾಪ, ಅದರ ಬಾಯಿಗೆ ಸಿಗುತ್ತಿಲ್ಲ, ಅಷ್ಟೆ. ಈ ಕಷ್ಟ ಗಮನಿಸಿ ಕಾಳು ರೂಪಿಸಿದವರನ್ನು ಮೆಚ್ಚಲೇಬೇಕು. ಆದರೆ ಅಗಲವಾದ ತಟ್ಟೆಯಲ್ಲಿ ಮೆತ್ತನೆಯ ಆಹಾರ ಹರಡಿ ಇಟ್ಟರೂ ಈ ತೊಂದರೆ ಬಹುಪಾಲು ನೀಗುತ್ತದೆ.

ಪೋಷಣೆಯ ಮಾತಿಗೆ ಬಂದರೆ ಚೀಲದ ಮೇಲಿನ ತಳಿಯ ಹೆಸರಿಗೆ ಅಷ್ಟು ತೂಕವಿಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಪ್ರಕಟಿಸಿದ ಪೋಷಕಾಂಶಗಳ ಕೋಷ್ಟಕಗಳು ಬೆಕ್ಕುಗಳನ್ನು ವಿಂಗಡಿಸುವುದು ಮರಿ, ಬೆಳೆದದ್ದು, ಗಬ್ಬದ್ದು, ಹಾಲೂಡುವುದು ಎಂದು. ಪರ್ಷಿಯನ್, ಸಯಾಮಿ ಎಂದಲ್ಲ. ಎಲ್ಲ ಬೆಕ್ಕಿಗೂ ಮಾಂಸದ ಪ್ರೋಟೀನು ಬೇಕು, ಟಾರಿನ್ ಎಂಬ ಪೋಷಕಾಂಶ ಬೇಕು. ಟಾರಿನ್ ಕಡಿಮೆಯಾದರೆ ಹೃದಯದ ಸ್ನಾಯು ಸೋತು ಹಿಗ್ಗುತ್ತದೆಂದು ಕ್ಯಾಲಿಫೋರ್ನಿಯಾದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಅವರು ಪರೀಕ್ಷಿಸಿದ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಸಿದ್ಧ ಆಹಾರವನ್ನೇ. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಪರ್ಷಿಯನ್‌ಗಳನ್ನು ಬಹಳವಾಗಿ ಕಾಡುವ ಮೂತ್ರಪಿಂಡದ ನೀರುಗುಳ್ಳೆಯಂತೂ ವಂಶವಾಹಿಯ ದೋಷ. ಅದನ್ನು ಯಾವ ಚೀಲವೂ ತಡೆಯಲಾರದು. ಅದಕ್ಕೆ ಜೀನ್ ಪರೀಕ್ಷೆಯಿದೆ, ಮರಿ ಕೊಳ್ಳುವ ಮೊದಲೇ ಕೇಳಬೇಕು.

ನನ್ನ ದೊಡ್ಡ ತಕರಾರು ನೀರಿನದು. ಒಣ ಕಾಳಿನಲ್ಲಿ ನೀರಿನಂಶ ಶೇ 10ರ ಆಸುಪಾಸು. ಡಬ್ಬಿ, ಪೌಚಿನ ಆಹಾರದಲ್ಲಿ ಶೇ 75ಕ್ಕೂ ಹೆಚ್ಚು. ಬೆಕ್ಕು ಬಾಯಾರಿಕೆ ಅಷ್ಟಾಗಿ ತೋರಿಸದ ಪ್ರಾಣಿ, ಬೇಟೆಯ ಮಾಂಸದಿಂದಲೇ ನೀರು ಪಡೆದು ಬಂದದ್ದು. ಬರೀ ಒಣ ಕಾಳಿನ ಮೇಲೆ ಬದುಕುವ ಬೆಕ್ಕಿಗೆ, ಅದೂ ಮೂತ್ರದ ತೊಂದರೆ ಒಮ್ಮೆ ಬಂದ ಗಂಡು ಬೆಕ್ಕಿಗೆ, ದಿನಕ್ಕೊಂದು ಹೊತ್ತಾದರೂ ಮೆತ್ತನೆಯ ಆಹಾರ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ನಮ್ಮ ಮನೆಗಳ ಮೊಸರನ್ನ. ಪ್ರೀತಿಯಿಂದ ಕೊಡುತ್ತಾರೆ, ಬೆಕ್ಕೂ ನೆಕ್ಕುತ್ತದೆ. ಸಿಹಿಯ ರುಚಿಯಂತೂ ಅದಕ್ಕೆ ಗೊತ್ತೇ ಆಗದು. ಆ ರುಚಿಗ್ರಾಹಕದ ಜೀನ್ ಬೆಕ್ಕುಗಳಲ್ಲಿ ಕೆಟ್ಟಿದೆಯೆಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ವಿಜ್ಞಾನಿಗಳು ಕಂಡುಕೊಂಡರು. ಬೆಕ್ಕು ಬರುವುದು ಕೊಬ್ಬಿನ, ಪ್ರೋಟೀನಿನ ವಾಸನೆಗೆ. ಹಾಗಾಗಿ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಪೌಚನ್ನು ಮೂಸಿ ಬಿಟ್ಟ ಬೆಕ್ಕು, ಅದನ್ನೇ ಬಿಸಿನೀರಿನಲ್ಲಿ ಅದ್ದಿಟ್ಟು ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಎಷ್ಟೋ ಸಲ ತಟ್ಟೆ ಖಾಲಿ ಮಾಡುತ್ತದೆ. ದುಬಾರಿ ಬ್ರ್ಯಾಂಡಿಗೆ ಜಿಗಿಯುವ ಮುಂಚೆ ಇದನ್ನು ಮಾಡಿ ನೋಡಬೇಕು.

ಸಾಕುವವರ ನಡುವೆ ಓಡಾಡುವ ಒಂದು ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ: ‘ಹಸಿವಾದರೆ ತಾನೇ ತಿನ್ನುತ್ತೆ, ಬಿಡಿ.’ ನಾಯಿಯ ವಿಷಯದಲ್ಲಿ ನಡೆದೀತು. ಮೈತುಂಬಿದ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ, ಪ್ರಾಣಕ್ಕೇ ಕುತ್ತಾಗಬಹುದು. ಹೊಸ ಆಹಾರವನ್ನು ಹಳೆಯದರ ಜೊತೆ ಚೂರುಚೂರೇ ಬೆರೆಸಿ ವಾರ, ಹತ್ತು ದಿನದಲ್ಲಿ ಬದಲಿಸಬೇಕು. ಇಡೀ ದಿನ ಏನೂ ಮುಟ್ಟದಿದ್ದರೆ ಆಹಾರ ಬದಲಿಸುವ ಪ್ರಯೋಗ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಹಲ್ಲುನೋವೋ ಬಾಯಿಹುಣ್ಣೋ ಇದ್ದರೂ ಬೆಕ್ಕು ಹೀಗೇ ಮೂಸಿ ಎದ್ದು ಹೋಗುತ್ತದೆ.